ಆ ಹೊಗೆ ಯಾರದ್ದು?

ಇವತ್ತು ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಂಡು ಮುಂದಕ್ಕೆ ಹೋಗ್ತೀನಿ.

ಹೋದ ವಾರ ಇದೇ ಸ್ಟುಡಿಯೋದಲ್ಲಿ ಬಿಸಿಲಿನ ಬಗ್ಗೆ ಚರ್ಚೆ ನಡೀತಿತ್ತು. ಅತಿಥಿಯೊಬ್ಬರು, 'ಮನುಷ್ಯನಿಂದ ಏನಾಗುತ್ತೆ ಬಿಡಿ, ಒಂದು ಜ್ವಾಲಾಮುಖಿ ಉಗುಳೋದರ ಮುಂದೆ ನಮ್ಮ ಕಾರು, ಬೈಕು ಯಾವ ಲೆಕ್ಕ?' ಅಂದರು. ನಾನು ತಲೆಯಾಡಿಸಿ ಬ್ರೇಕ್ ತಗೊಂಡೆ. ಎಂಜಿನಿಯರಿಂಗ್ ಓದಿದವನು, ಥರ್ಮೋಡೈನಮಿಕ್ಸ್ ಪಾಸು ಮಾಡಿದವನು (ಎರಡನೇ ಸಲಕ್ಕೆ, ಅದು ಬೇರೆ ಮಾತು), ಬಾಯಿ ಬಿಡಲಿಲ್ಲ.

ಲೆಕ್ಕ ಇದೆ ರೀ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್, ಗ್ಯಾಸ್ ಸುಟ್ಟು ನಾವು ವರ್ಷಕ್ಕೆ 3,500 ಕೋಟಿ ಟನ್ನಿಗೂ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಬಿಡ್ತೀವಿ. ಜಗತ್ತಿನ ಜ್ವಾಲಾಮುಖಿಗಳೆಲ್ಲ ಸೇರಿ ಬಿಡುವುದು ಅದರ ನೂರರಲ್ಲಿ ಒಂದು ಪಾಲಿನಷ್ಟು, ಅಷ್ಟೇ.

ತಮಾಷೆ ನೋಡಿ, ಈ ಅನಿಲವನ್ನು ಅಳೆಯುವ ಹೆಸರಾಂತ ಕೇಂದ್ರ ಇರೋದೇ ಜ್ವಾಲಾಮುಖಿಯ ಮೇಲೆ, ಹವಾಯಿಯ ಮೌನಾ ಲೋವಾದಲ್ಲಿ. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಅಲ್ಲಿ ಅಳತೆ ಶುರು ಮಾಡಿದಾಗ, ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 315 ಇದರದ್ದು. 2024ರಲ್ಲಿ 420 ದಾಟಿದೆ. ಬೆಟ್ಟದ ಬಾಯಿಯ ಕಡೆಯಿಂದ ಗಾಳಿ ಬೀಸಿದ ಹೊತ್ತಿನ ಅಳತೆಯನ್ನು ಬಿಟ್ಟೇ ಸರಾಸರಿ ಹಿಡೀತಾರೆ. ದಕ್ಷಿಣ ಧ್ರುವದಲ್ಲಿ ಅಳೆದರೂ ಅದೇ ಏರಿಕೆ.

ಸರಿ, ಹೆಚ್ಚಾಗಿದ್ದು ನಮ್ಮ ಹೊಗೆಯೇ ಅನ್ನೋದಕ್ಕೆ ಸಾಕ್ಷಿ? ಇಂಗಾಲಕ್ಕೂ ಗುರುತಿನ ಚೀಟಿ ಇದೆ. ಇವತ್ತಿನ ಮರದಲ್ಲಿ ಕಾರ್ಬನ್-14 ಇರುತ್ತೆ. ಸತ್ತ ಮೇಲೆ ಪ್ರತಿ 5,730 ವರ್ಷಕ್ಕೆ ಅರ್ಧರ್ಧ ಕರಗುತ್ತೆ. ಕೋಟ್ಯಂತರ ವರ್ಷ ನೆಲದೊಳಗಿದ್ದ ಕಲ್ಲಿದ್ದಲಿನಲ್ಲಿ ಅದು ಉಳಿದೇ ಇಲ್ಲ. ನಮ್ಮ ರಾಯಚೂರಿನ ಶಕ್ತಿನಗರದ ಬಾಯ್ಲರಿನಲ್ಲಿ ಉರಿಯೋದೂ ಇಂಥದ್ದೇ. ಈ ಹಳೇ ಇಂಗಾಲ ಬೆರೆತು ಗಾಳಿಯ ಕಾರ್ಬನ್-14 ತೆಳುವಾಗ್ತಿರೋದನ್ನು ಹಾನ್ಸ್ ಸ್ಯೂಸ್ 1950ರ ದಶಕದಲ್ಲೇ ಮರದ ಉಂಗುರಗಳಲ್ಲಿ ಕಂಡಿದ್ದರು.

ಜ್ವಾಲಾಮುಖಿಯ ಹೊಗೆಯಲ್ಲೂ 14 ಇಲ್ಲವಲ್ಲ ಅಂತೀರಾ? ಒಳ್ಳೇ ಪ್ರಶ್ನೆ. ಆದರೆ ಅದರಲ್ಲಿ ಕಾರ್ಬನ್-13ರ ಪಾಲು ಗಾಳಿಗಿಂತ ತುಸು ಹೆಚ್ಚು. ಗಿಡಮರದಿಂದಾದ ಕಲ್ಲಿದ್ದಲಿನಲ್ಲಿ ಕಡಿಮೆ. ಗಾಳಿಯಲ್ಲಿ 13ರ ಪಾಲೂ ಇಳೀತಿದೆ. ಜ್ವಾಲಾಮುಖಿ ಕಾರಣವಾಗಿದ್ದರೆ ಇಳೀಬಾರದಿತ್ತು.

ಇನ್ನು ಸೂರ್ಯನ ಮೇಲೆ ಹಾಕೋರು. ಸೂರ್ಯನ ಕಾವೇ ಏರಿದ್ದರೆ ಮೇಲಿನ ಸ್ಟ್ರಾಟೋಸ್ಫಿಯರೂ ಬಿಸಿಯಾಗಬೇಕಿತ್ತು. ಅದು ತಣ್ಣಗಾಗ್ತಿದೆ, ಕೆಳಗೆ ನಾವು ಬೇಯ್ತಿದ್ದೀವಿ.

ಅದೇ ಅತಿಥಿಗೆ ಮತ್ತೆ ಫೋನ್ ಮಾಡಿದ್ದೆ. ನಾಳೆ ರಾತ್ರಿ ಬರ್ತೀನಿ ಅಂದಿದ್ದಾರೆ. ಈ ಸಲ ನಡುವೆ ಬ್ರೇಕ್ ತಗೊಳ್ಳಲ್ಲ.