ಹಗಲಿನ ಸೇತುವೆ, ಇರುಳಿನ ಸೇತುವೆ

ನಮ್ಮ ಬಬಲೇಶ್ವರದ ಕಡೆಯವರಿಗೆ ನೀರಿನ ಚಿಂತೆ ಎಂದರೆ ಅದು ಸಾಲದೆ ಬರುವ ಚಿಂತೆ. ಬಾವಿ ಬತ್ತಿತೆ, ಮಳೆ ತಪ್ಪಿತೆ, ಕಾಲುವೆಯ ನೀರು ಕೆರೆಗೆ ಬಂದೀತೆ ಎಂದು ಕೇಳುತ್ತಲೇ ತಲೆ ನರೆಸಿಕೊಂಡವರು ನಾವು. ಮಳೆಗಾಲದಲ್ಲಿ ಡೋಣಿ ನದಿಯು ತುಂಬಿ ಒಂದೆರಡು ದಿನ ದಾರಿ ಕಟ್ಟಿದರೆ ದಡದ ಮೇಲೆ ನಿಂತು ಬೈಯುತ್ತೇವೆ. ಆದರೆ ಜೋಳದ ಹೊಲಕ್ಕೆ ಹಸಿಯಾಯಿತಲ್ಲ ಎಂದು ಒಳಗೊಳಗೇ ಹಿಗ್ಗುತ್ತೇವೆ. ನೀರು ಹೆಚ್ಚಾಗಿಯೂ ಮನುಷ್ಯರು ಒಬ್ಬರಿಗೊಬ್ಬರು ದೂರವಾಗುವರು ಎಂಬದು ನನಗೆ ತಿಳಿದದ್ದು ಅರವತ್ತು ದಾಟಿದ ಮೇಲೆ, ಒಂದು ತೂಗುಸೇತುವೆಯ ಮೇಲೆ. ಅದನ್ನು ಒಂದೇ ದಿನ ಹಗಲಿಗೊಮ್ಮೆ, ಇರುಳಿಗೊಮ್ಮೆ ದಾಟಿದ ಸಂಗತಿಯನ್ನು ಇಂದು ತಮ್ಮ ಮುಂದೆ ಇಡುತ್ತೇನೆ.

ನನ್ನ ಮಗಳು ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲೂಕಿನಲ್ಲಿ ಶಾಲೆಯ ಶಿಕ್ಷಕಿ. ನಮ್ಮ ಭಾಗದ ಎಷ್ಟೋ ತರುಣ ತರುಣಿಯರು ಹೀಗೆ ಘಟ್ಟದ ಕೆಳಗೆ ಹೋಗಿ ಅಕ್ಷರ ಕಲಿಸುತ್ತಿದ್ದಾರೆ. ಕೆಲವು ವರ್ಷಗಳ ಹಿಂದೆ ಶ್ರಾವಣ ಮಾಸದಲ್ಲಿ ಅವಳನ್ನು ನೋಡಲು ಹೊರಟೆ. ಜೊತೆಗೆ ನನ್ನ ಮಡದಿಯ ಅಣ್ಣನವರೂ ಬಂದರು. ಅವರು ತಿಕೋಟಾದಲ್ಲಿ ದ್ರಾಕ್ಷಿ ಬೆಳೆಯುವವರು. ಏನನ್ನು ಕಂಡರೂ ಮೊದಲು ಅದರ ಕಂಬವನ್ನೂ ಕಟ್ಟನ್ನೂ ನೋಡುವ ಸ್ವಭಾವ ಅವರದು.

ಸುಳ್ಯದಿಂದ ಮಡಿಕೇರಿಯ ದಾರಿ ಹಿಡಿದು ಸ್ವಲ್ಪ ದೂರ ಹೋದರೆ ಅರಂಬೂರು. ಅಲ್ಲಿ ಪಯಸ್ವಿನಿ ಹರಿಯುತ್ತದೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯದ ಅಡಿಕೆ ತೋಟಗಳ ಮಗ್ಗುಲಿಗೆ ಹಾಯ್ದು, ಕಾಸರಗೋಡಿನ ಕಡೆಗೆ ಇಳಿದು ಸಮುದ್ರ ಸೇರುವ ನದಿಯದು. ನಾವು ಹೋದಾಗ ಕೆಂಪಗೆ ತುಂಬಿ ಹರಿಯುತ್ತಿತ್ತು. ಆಚೆ ದಡದಲ್ಲಿ ಮಗಳ ವಿದ್ಯಾರ್ಥಿನಿಯೊಬ್ಬಳ ಮನೆ. ಅವರು ನಮ್ಮನ್ನು ಊಟಕ್ಕೆ ಕರೆದಿದ್ದರು. ಮಧ್ಯಾಹ್ನ ಇಳಿಹೊತ್ತಿಗೆ ಸೇತುವೆಯ ಹತ್ತಿರ ಬಂದೆವು.

ಎರಡೂ ದಡಗಳಲ್ಲಿ ಎತ್ತರವಾದ ಕಂಬಗಳು. ಅವುಗಳ ತಲೆಯ ಮೇಲಿಂದ ಹಾಯ್ದ ಉಕ್ಕಿನ ಹಗ್ಗಗಳು ನಡುಹೊಳೆಯಲ್ಲಿ ಜೋಲಿಯಂತೆ ಕೆಳಗಿಳಿದು ಮತ್ತೆ ಮೇಲೇರುತ್ತವೆ. ಆ ಹಗ್ಗಗಳಿಂದ ಸಾಲಾಗಿ ಇಳಿದ ಸಪೂರ ಸರಳುಗಳು ನಡೆಯುವ ಹಾದಿಯನ್ನು ಎತ್ತಿ ಹಿಡಿದಿವೆ. ನೀರಿನಲ್ಲಿ ಒಂದೂ ಕಂಬವಿಲ್ಲ. ಹಸುರು ಬೆಟ್ಟದ ಮುಂದೆ ಗಾಳಿಯಲ್ಲಿ ಗೆರೆ ಎಳೆದಂತೆ ಅದು ಕಾಣುತ್ತಿತ್ತು. ನಾನು ಆ ಚೆಲುವನ್ನು ನೋಡುತ್ತ ನಿಂತೆ. ನಮ್ಮ ತಿಕೋಟಾದವರು ಮಾತ್ರ ಕಂಬದ ಹಿಂದಕ್ಕೆ ಹೋಗಿ, ಹಗ್ಗವು ನೆಲ ಹೊಕ್ಕ ಜಾಗವನ್ನು ಬಗ್ಗಿ ನೋಡಿದರು.

“ಮಾಸ್ತರ, ಇದು ನಮ್ಮ ದ್ರಾಕ್ಷಿ ಚಪ್ಪರನ ಐತಿ ನೋಡ್ರಿ” ಎಂದರು.

ಅವರು ಹೇಳಿದ್ದು ಸರಿಯೇ. ದ್ರಾಕ್ಷಿಯ ತೋಟದಲ್ಲಿ ಬಳ್ಳಿಯ ಭಾರವನ್ನು ಹೊರುವದು ತಂತಿ. ತಂತಿಯ ಎಳೆತವನ್ನು ತಡೆಯುವದು ಅಂಚಿನ ಕಂಬ. ಆ ಕಂಬವು ಒಳಕ್ಕೆ ಬಾಗದಂತೆ ಹಿಂದಕ್ಕೆ ಎಳೆದು ಹಿಡಿಯುವದು ನೆಲದಲ್ಲಿ ಹೂತ ಕಲ್ಲು. ಕಲ್ಲು ಸಡಿಲವಾದರೆ ಇಡೀ ಚಪ್ಪರ ಕುಸಿಯುತ್ತದೆ. ತೂಗುಸೇತುವೆಯ ಗುಟ್ಟೂ ಇದೇ. ಕಣ್ಣಿಗೆ ಬೀಳುವದು ಹೊಳೆಯ ಮೇಲಿನ ಜೋಲಿ. ಸೇತುವೆಯನ್ನು ಉಳಿಸುವದು ದಡದಲ್ಲಿ ಹೂತ ಕಾಂಕ್ರೀಟಿನ ಗಟ್ಟಿ.

ನನಗೆ ನಮ್ಮ ಗೋಳಗುಮ್ಮಟದ ನೆನಪಾಯಿತು. 1656ರಲ್ಲಿ ಮುಗಿದ ಆ ಕಟ್ಟಡದ ಒಳಗೂ ನಡುವೆ ಒಂದು ಕಂಬವಿಲ್ಲ. ಆದರೆ ಅಲ್ಲಿ ಭಾರವನ್ನು ಭಾರವೇ ತಡೆದಿದೆ. ಗುಮ್ಮಟವು ಹೊರಕ್ಕೆ ಒತ್ತುತ್ತದೆ. ಅದರ ಬುಡದಲ್ಲಿ ಒಂದನ್ನೊಂದು ಹಾಯ್ದ ಕಮಾನುಗಳ ಗಾರೆಗಲ್ಲಿನ ರಾಶಿ ಒಳಕ್ಕೆ ಜಗ್ಗುತ್ತದೆ. ಅಲ್ಲಿ ಒತ್ತುವ ಕಲ್ಲು, ಇಲ್ಲಿ ಎಳೆಯುವ ಹಗ್ಗ. ಅದನ್ನು ಕಟ್ಟಿಸಿದವನು ಬಾದಶಹ. ಇದನ್ನು ಬೇಡಿ ಪಡೆದವರು ಹಳ್ಳಿಯ ಜನ.

ಆ ಕಥೆಯನ್ನು ದಡದಲ್ಲಿದ್ದ ಹಿರಿಯರೊಬ್ಬರು ಹೇಳಿದರು. “ಮಳೆಗಾಲದಲ್ಲಿ ದೋಣಿಯೇ ಗತಿ ಮಾರಾಯ್ರೇ. ನೀರು ಜೋರಾದರೆ ದೋಣಿಯೂ ಇಲ್ಲ.” ನಮ್ಮಲ್ಲಿ ಡೋಣಿ ಎಂದರೆ ದಾರಿ ಕಟ್ಟುವ ಹೊಳೆ, ಅವರಲ್ಲಿ ದೋಣಿ ಎಂದರೆ ಹೊಳೆ ದಾಟಿಸುವ ಸಾಧನ! ಸಣ್ಣ ತೋಡುಗಳಿಗೆ ಅವರು ಅಡಿಕೆಯ ಮರವನ್ನು ಅಡ್ಡ ಹಾಕಿ ಕಾಲುಸಂಕ ಮಾಡಿಕೊಳ್ಳುತ್ತಾರೆ. ಪಯಸ್ವಿನಿಗೆ ಅದು ಸಾಲದು. ಸುಳ್ಯದಲ್ಲಿ ಕಾರ್ಯಾಗಾರ ಇಟ್ಟುಕೊಂಡಿದ್ದ ಯಂತ್ರಶಿಲ್ಪಿ ಗಿರೀಶ ಭಾರದ್ವಾಜರನ್ನು ಊರವರು ಕೇಳಿಕೊಂಡರು. ಅವರು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಸೇತುವೆ ಕಟ್ಟುವದು ಅವರ ವಿಷಯವಲ್ಲ. ಆದರೂ ಒಪ್ಪಿಕೊಂಡು 1989ರಲ್ಲಿ ಅರಂಬೂರಿನಲ್ಲಿ ತಮ್ಮ ಮೊದಲನೆಯ ತೂಗುಸೇತುವೆ ಕಟ್ಟಿದರು. ಊರವರೂ ಕೈಗೂಡಿಸಿದರು. ಆಮೇಲೆ ಕರ್ನಾಟಕ, ಕೇರಳ, ತೆಲಂಗಾಣ, ಒಡಿಶಾಗಳಲ್ಲಿ ಅವರು ಕಟ್ಟಿದ ಇಂಥ ಸೇತುವೆಗಳು ನೂರಕ್ಕೂ ಹೆಚ್ಚು. 2017ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು.

ಇಷ್ಟು ಕೇಳಿಯೂ ನಮ್ಮವರಿಗೆ ಸಮಾಧಾನವಿಲ್ಲ. “ಇಷ್ಟ ಸಣ್ಣ ಹಾದಿ? ಗಾಡಿ ಹೋಗೂದಿಲ್ಲ, ಟ್ರ್ಯಾಕ್ಟರ್ ಹೋಗೂದಿಲ್ಲ. ಏನ ಬಂತ್ರಿ ಇದರಿಂದ?” ಎಂದು ನನ್ನ ಕಿವಿಯಲ್ಲಿ ಹೇಳಿದರು.

ಕಾಲಿಟ್ಟೆವು. ನಡುವಿಗೆ ಬರುವಷ್ಟರಲ್ಲಿ ಶಾಲೆ ಬಿಟ್ಟ ಹುಡುಗರ ಗುಂಪೊಂದು ಎದುರಿಗೆ ಬಂತು. ಅವರಿಗೆ ಇದು ಉಯ್ಯಾಲೆ. ಬೇಕೆಂದೇ ಹೆಜ್ಜೆ ಒತ್ತಿ ತೂಗಿದರು. ನಾನು ಕಂಬಿ ಹಿಡಿದು ಶಿವನಾಮ ನೆನೆದೆ. ಮಗಳು ನಕ್ಕಳು, ಹುಡುಗರನ್ನು ಗದರಿದಳು. ತೂಗುವ ಹಾದಿಯ ಮೇಲೆ ಬಹಳ ಜನ ನಡೆದರೆ, ಅವರಿಗೆ ತಿಳಿಯದಂತೆಯೇ ಎಲ್ಲರ ಹೆಜ್ಜೆಯೂ ಆ ತೂಗಿಗೆ ಹೊಂದಿಕೊಳ್ಳುತ್ತದೆ. ಹೆಜ್ಜೆ ಹೊಂದಿದಷ್ಟೂ ತೂಗು ಬೆಳೆಯುತ್ತದೆ. ಲಂಡನ್ನಿನ ಥೇಮ್ಸ್ ನದಿಯ ಮೇಲೆ 2000ನೆಯ ಇಸವಿಯ ಜೂನಿನಲ್ಲಿ ತೆರೆದ ಕಾಲುಸೇತುವೆಯನ್ನು ಈ ಕಾರಣಕ್ಕಾಗಿಯೇ ಎರಡು ದಿನಗಳಲ್ಲಿ ಮುಚ್ಚಬೇಕಾಯಿತು. ತೂಗು ತಡೆಯುವ ಸಾಧನಗಳನ್ನು ಕೂಡಿಸಿ ಮತ್ತೆ ತೆರೆದದ್ದು 2002ರಲ್ಲಿ.

ಊಟ ಮುಗಿಸಿ ಹೊರಡುವಾಗ ರಾತ್ರಿ ಒಂಬತ್ತು ದಾಟಿತ್ತು. ಮಳೆ ಜಿನುಗುತ್ತಿತ್ತು. ಹಗಲು ಕಂಡ ಕಂಬವಿಲ್ಲ, ಹಗ್ಗವಿಲ್ಲ, ಬೆಟ್ಟವಿಲ್ಲ. ಟಾರ್ಚಿನ ಬೆಳಕಿನಲ್ಲಿ ಮುಂದಿನ ನಾಲ್ಕು ಹೆಜ್ಜೆಯ ಹಾದಿ, ಕೆಳಗೆ ಹೊಳೆಯ ಮೊರೆತ, ಅಷ್ಟೇ. ಒಬ್ಬರ ಹಿಂದೆ ಒಬ್ಬರು ನಡೆದೆವು. ನಡುಸೇತುವೆಯಲ್ಲಿ ಕಾಲಕೆಳಗೆ ಸಣ್ಣ ನಡುಕ ತಿಳಿಯಿತು. ನಮ್ಮ ನಡಿಗೆಯದಲ್ಲ, ಹಿಂದಿನಿಂದ ಯಾರೋ ಬೇಗ ಬೇಗ ಬರುತ್ತಿದ್ದರು. ಅವರು ಕಾಣುವ ಮೊದಲೇ ಸೇತುವೆ ನಮಗೆ ಸುದ್ದಿ ಕೊಟ್ಟಿತ್ತು.

ಮುಂದೆ ಟಾರ್ಚು ಹಿಡಿದ ಹುಡುಗ, ಅವನ ಹಿಂದೆ ಕಂಬಳಿಯಲ್ಲಿ ಮಗುವನ್ನು ಎತ್ತಿಕೊಂಡ ತಂದೆ, ಕೊಡೆ ಹಿಡಿದ ತಾಯಿ. ಮಗುವಿಗೆ ಉಬ್ಬಸ, ಅದರ ಉಸಿರಿನ ಸದ್ದು ಹೊಳೆಯ ಸದ್ದಿನಲ್ಲಿಯೂ ಕೇಳುತ್ತಿತ್ತು. “ಮಾಮಾ, ಅಪ್ಪಾ, ಸರೀರಿ. ಅಲುಗಾಡಬ್ಯಾಡ್ರಿ” ಎಂದಳು ಮಗಳು. ನಾವು ಕಂಬಿಗೆ ಮೈ ಒತ್ತಿ ಕಲ್ಲಿನಂತೆ ನಿಂತೆವು. ಅವರು ದಾಟಿ ಹೋದರು. ಕಾಲಕೆಳಗಿನ ನಡುಕ ಸಣ್ಣದಾಗುತ್ತ ನಿಂತಿತು. ಸ್ವಲ್ಪ ಹೊತ್ತಿಗೆ ಆ ದಡದ ರಸ್ತೆಯಲ್ಲಿ ಆಟೋರಿಕ್ಷಾದ ದೀಪ ಹೊತ್ತಿ, ಸುಳ್ಯದ ಕಡೆಗೆ ಓಡಿತು.

ನಮ್ಮ ತಿಕೋಟಾದವರು ದಡ ಮುಟ್ಟುವವರೆಗೆ ಮಾತಾಡಲಿಲ್ಲ. ಆಮೇಲೆ, “ಗಾಡಿ ಹೋಗದಿದ್ದರ ಏನಾತು” ಎಂದಷ್ಟೇ ಅಂದರು. ಮಗು ಗುಣವಾಗಿದೆ ಎಂದು ಮರುದಿನ ಮಗಳು ತಿಳಿಸಿದಳು.

ಊರಿಗೆ ಬಂದ ಮೇಲೆ ಅವರು ಮೊದಲು ಮಾಡಿದ ಕೆಲಸವೆಂದರೆ ತೋಟದ ಅಂಚಿನ ಕಂಬಗಳನ್ನೆಲ್ಲ ಸುತ್ತಿ ನೋಡಿದ್ದು. ಎರಡು ಕಡೆ ತಂತಿಗೆ ತುಕ್ಕು ಹಿಡಿದಿತ್ತು, ಬದಲಿಸಿದರು. “ಹಣ್ಣಿನ ಭಾರ ಬಿದ್ದ ಮ್ಯಾಲ ನೋಡಿದರ ಏನ ಉಪಯೋಗ, ಮಾಸ್ತರ?” ಎಂದರು.

ಆ ಮಾತು ಮತ್ತೆ ನೆನಪಾದದ್ದು 2022ರ ಅಕ್ಟೋಬರ 30ರ ಸುದ್ದಿ ಕೇಳಿದಾಗ. ಗುಜರಾತದ ಮೊರ್ಬಿಯಲ್ಲಿ ಮಚ್ಛೂ ನದಿಯ ಮೇಲಿನ ಹಳೆಯ ತೂಗುಸೇತುವೆ, ದುರಸ್ತಿಯಾಗಿ ತೆರೆದ ಕೆಲವೇ ದಿನಗಳಲ್ಲಿ, ಜನರ ಸಮೇತ ಕಡಿದು ಬಿತ್ತು. 135 ಜನ ತೀರಿಕೊಂಡರು. ಹಬ್ಬದ ದಿನಗಳೆಂದು ಮಕ್ಕಳನ್ನು ಕರೆದುಕೊಂಡು ಬಂದವರು ಅದರಲ್ಲಿ ಎಷ್ಟೋ ಮಂದಿ. ಕಟ್ಟುವ ದಿನ ಊರೆಲ್ಲ ಕೂಡುತ್ತದೆ, ಹಾರ ತುರಾಯಿ ಆಗುತ್ತವೆ. ವರ್ಷ ವರ್ಷವೂ ಹಗ್ಗದ ತುಕ್ಕು ನೋಡುವ ದಿನ ಯಾರೂ ಬರುವದಿಲ್ಲ. ಸೇತುವೆಯ ಆಯುಷ್ಯವಿರುವದು ಆ ಎರಡನೆಯ ದಿನದಲ್ಲಿ. ನಮ್ಮೂರ ಹಳ್ಳದ ಕಿರುಸೇತುವೆಗೂ ಈ ಮಾತು ಸಲ್ಲುತ್ತದೆ.

ಅಂದು ರಾತ್ರಿಯೇ ಮಗಳಿಗೆ ಫೋನು ಮಾಡಿ, “ನಿಮ್ಮ ಹುಡುಗರು ಇನ್ನೂ ಸೇತುವೆ ತೂಗತಾರೇನವ್ವಾ?” ಎಂದು ಕೇಳಿದೆ.

“ಇಲ್ಲಪ್ಪಾ. ಅದಕ್ಕೂ ಒಂದು ಪಾಠ ಮಾಡೀನಿ. ಸೇತುವೆ ಮ್ಯಾಲ ಕುಣೀಬಾರದು, ಗುಂಪು ಕೂಡಬಾರದು, ಎಲ್ಲಿಯಾದರೂ ತುಕ್ಕು ಕಂಡರ ಮನಿಯೊಳಗ ಹಿರಿಯರಿಗೆ ಹೇಳಬೇಕು ಅಂತ” ಎಂದಳು.