ನೀರಿನ ಚಿಗಟವೂ ನಮ್ಮ ಮೋರಿಯೂ
(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಮೋರಿ, ಪಾಯಖಾನೆ ತೊಳೆಯುವ ಔಷಧದ ಕೆಲವು ಕ್ಯಾನುಗಳ ಮೇಲೆ ಕೆಂಪು ಅಂಚಿನ ಒಂದು ಚಿತ್ರವಿರುತ್ತದೆ. ಒಂದು ಬೋಳು ಮರ, ಅದರ ಬಳಿ ಸತ್ತ ಮೀನು. ನಮ್ಮಲ್ಲಿ ಬಹು ಮಂದಿ ಅದನ್ನು ಕಂಪೆನಿಯ ಮುದ್ರೆಯೆಂದೇ ತಿಳಿದಿದ್ದಾರೆ. ಅದು ಮುದ್ರೆಯಲ್ಲ, ಎಚ್ಚರಿಕೆ. ಈ ಎಚ್ಚರಿಕೆ ಹೇಗೆ ಹುಟ್ಟುತ್ತದೆ, ಅದರಿಂದ ನಾವು ಕಲಿಯಬೇಕಾದುದು ಏನು ಎಂಬುದೇ ನನ್ನ ಇಂದಿನ ಮಾತು.

ಕೆರೆ ಹೊಂಡಗಳಲ್ಲಿ ಡಾಫ್ನಿಯ ಎಂಬ ಸಣ್ಣ ಜೀವವಿದೆ. ಕುಪ್ಪಳಿಸುತ್ತ ಈಜುವುದರಿಂದ ನೀರಿನ ಚಿಗಟವೆಂಬ ಹೆಸರು ಬಂದಿದೆ. ಆದರೆ ಕುಲದಲ್ಲಿ ಅದು ನಮ್ಮ ಕರಾವಳಿಯವರು ಬಲ್ಲ ಸಿಗಡಿಯ ನೆಂಟ. ಪಾಚಿಯನ್ನು ಅದು ತಿನ್ನುತ್ತದೆ, ಅದನ್ನು ಮರಿಮೀನು ತಿನ್ನುತ್ತದೆ. ಚಿಗಟ ಸತ್ತರೆ ಪಾಚಿ ಬೆಳೆದೀತು, ಮೀನು ಉಪವಾಸ ಬಿದ್ದೀತು. ಗಂಡಿನ ಸಂಗವಿಲ್ಲದೆಯೇ ತಾಯಿ ತನ್ನಂಥ ಮರಿಗಳನ್ನು ಹಾಕಬಲ್ಲುದರಿಂದ ಒಂದೇ ಬಗೆಯ ಮರಿಗಳು ಪರೀಕ್ಷೆಗೆ ಸುಲಭವಾಗಿ ದೊರಕುತ್ತವೆ.

ಈ ಪರೀಕ್ಷೆಗೆ ಹಲವು ದೇಶಗಳು ಒಪ್ಪಿದ ಕ್ರಮವೊಂದಿದೆ. ಪ್ಯಾರಿಸಿನ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯ 202ನೆಯ ಮಾರ್ಗಸೂಚಿ ಅದು, 2004ರಲ್ಲಿ ಪರಿಷ್ಕೃತವಾಯಿತು. ಹುಟ್ಟಿ 24 ಗಂಟೆ ತುಂಬದ ಮರಿಗಳನ್ನು ತೆಗೆದುಕೊಳ್ಳುತ್ತಾರೆ. ಔಷಧವನ್ನು ಕಡಿಮೆಯಿಂದ ಹೆಚ್ಚಿಗೆ ಕನಿಷ್ಠ ಐದು ಪ್ರಮಾಣಗಳಲ್ಲಿ ನೀರಿಗೆ ಬೆರೆಸುತ್ತಾರೆ. ಒಂದೊಂದು ಪ್ರಮಾಣಕ್ಕೆ ಕನಿಷ್ಠ 20 ಮರಿಗಳು. ಇನ್ನೊಂದೆಡೆ ಔಷಧವೇ ಇಲ್ಲದ ಅದೇ ನೀರಿನಲ್ಲಿ ಅಷ್ಟೇ ಮರಿಗಳು. ಇದನ್ನು ಸಾಕ್ಷಿ ಪಾತ್ರೆಯೆನ್ನೋಣ. ನೀರಿನ ಶಾಖ 18ರಿಂದ 22 ಡಿಗ್ರಿಯೊಳಗೆ ಒಂದೇ ಸಮನಾಗಿರಬೇಕು. ಮರಿಗಳಿಗೆ ಆಹಾರ ಕೊಡುವಂತಿಲ್ಲ. ಒಟ್ಟು ಅವಧಿ 48 ಗಂಟೆ.

24 ಗಂಟೆಗೊಮ್ಮೆ, 48 ಗಂಟೆಗೊಮ್ಮೆ ಪಾತ್ರೆಯನ್ನು ಮೆಲ್ಲನೆ ಅಲುಗಿಸಿ ನೋಡುತ್ತಾರೆ. 15 ಸೆಕೆಂಡಿನಲ್ಲಿ ಈಜದ ಮರಿಯನ್ನು ಚಲನೆ ತಪ್ಪಿದ್ದೆಂದು ಬರೆದುಕೊಳ್ಳುತ್ತಾರೆ. ಅದರ ಮೀಸೆ ಅಲುಗುತ್ತಿದ್ದರೂ ಸರಿಯೆ. ಮರಿಗಳಲ್ಲಿ ಅರ್ಧದಷ್ಟನ್ನು ಹೀಗೆ ಕೆಡವುವ ಪ್ರಮಾಣವೇ ಪರೀಕ್ಷೆಯ ಉತ್ತರ. ಉದಾಹರಣೆಗೆ ಲೀಟರಿಗೆ 4 ಮಿಲಿಗ್ರಾಂ ಬೆರೆಸಿದಲ್ಲಿ 20ರಲ್ಲಿ 10 ಮರಿ ನಿಂತುಹೋದರೆ ಉತ್ತರ 4. ಈ ಅಂಕಿ ಸಣ್ಣದಾದಷ್ಟೂ ವಿಷ ಘೋರ. ಮೀನು, ಚಿಗಟ, ಪಾಚಿ ಇವುಗಳ ಪರೀಕ್ಷೆಯಲ್ಲಿ ಯಾವುದೇ ಒಂದರ ಅಂಕಿ 1 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆ ಬಂದರೆ ಆ ವಸ್ತು ಜಲಜೀವಿಗಳಿಗೆ ಅತಿ ವಿಷಕಾರಿಯೆಂದು ವಿಶ್ವಸಂಸ್ಥೆಯ ವರ್ಗೀಕರಣ ಹೇಳುತ್ತದೆ. ಸತ್ತ ಮೀನಿನ ಚಿತ್ರ ಬರುವುದು ಹೀಗೆ. ಬ್ಲೀಚಿನಲ್ಲಿರುವ ಸೋಡಿಯಂ ಹೈಪೋಕ್ಲೋರೈಟು ಈ ವರ್ಗದ್ದೇ.

ಈಗ ಆ ಸಾಕ್ಷಿ ಪಾತ್ರೆಯ ಕಡೆ ಗಮನ ಕೊಡಿ. ಅದರಲ್ಲಿಯೇ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮರಿಗಳು ಬಿದ್ದುಹೋದರೆ ಇಡೀ ಪರೀಕ್ಷೆ ರದ್ದು. ನೀರಿನಲ್ಲಿ ಆಮ್ಲಜನಕ ಲೀಟರಿಗೆ 3 ಮಿಲಿಗ್ರಾಂಗಿಂತ ಇಳಿದರೂ ರದ್ದು. ಯಾಕೆಂದರೆ ಆಗ ತಪ್ಪು ಔಷಧದ್ದೋ, ನೀರಿನದ್ದೋ, ಗಾಳಿಯ ಕೊರತೆಯದ್ದೋ ತಿಳಿಯದು. ಇಂಥ ಪುಟ್ಟ ಜೀವದ ವಿಷಯದಲ್ಲಿ ಇಷ್ಟು ನ್ಯಾಯವಾದ ಲೆಕ್ಕವಿದೆ!

ಆದರೆ 48 ಗಂಟೆಯ ಪರೀಕ್ಷೆ ಎಲ್ಲವನ್ನೂ ಹೇಳುವುದಿಲ್ಲ. ಎರಡು ದಿನ ಈಜಿದ ಚಿಗಟ ಮುಂದೆ ಮರಿ ಹಾಕಲಾರದೆ ಹೋಗಬಹುದು. ಅದನ್ನು ನೋಡಲು 21 ದಿನಗಳ ಬೇರೆ ಪರೀಕ್ಷೆಯೇ ಇದೆ. ಮೀನಿನ ಚಿತ್ರವಿಲ್ಲದ ಔಷಧ ನಮ್ಮ ಕೈಗೆ ನಿರಪಾಯವೆಂದೂ ತಿಳಿಯಬಾರದು. ಮನುಷ್ಯನ ಚರ್ಮ, ಕಣ್ಣು, ಶ್ವಾಸಗಳಿಗೆ ಬೇರೆಯೇ ಚಿತ್ರಗಳಿವೆ. "ಎರಡು ದಿನ ಮುಟ್ಟಿದೆ, ಏನೂ ಆಗಲಿಲ್ಲ" ಎಂದು ಹೇಳುವ ಮಾಣಿ, ವರ್ಷಗಟ್ಟಲೆ ಮುಟ್ಟುವವನ ಮಾತು ಹೇಳಿದಂತಾಗಲಿಲ್ಲ.

ಕಾನೂನೂ ಈ ದಾರಿಯಲ್ಲಿ ನಡೆದಿದೆ. 1986ರ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದಂತೆ, ಕಾರ್ಖಾನೆಯಿಂದ ಹೊರಬರುವ ನೀರಿನಲ್ಲಿ, ಬೇರೆ ನೀರು ಬೆರೆಸದೆ, 96 ಗಂಟೆಗಳ ಬಳಿಕ ನೂರರಲ್ಲಿ ತೊಂಬತ್ತು ಮೀನು ಬದುಕಿರಬೇಕು. ಗಿರಣಿಯ ಬಣ್ಣದ ಖಾತೆಯಲ್ಲಿ ದುಡಿದ ಹಿರಿಯರಿಗೆ ಈ ಮಾತಿನ ತೂಕ ಗೊತ್ತು. ಭೋಪಾಲದಲ್ಲಿ 1984ರಲ್ಲಿ ಆದ ದುರಂತದ ತರುವಾಯ, 1987ರಲ್ಲಿ ಕಾರ್ಖಾನೆ ಕಾಯ್ದೆಯನ್ನು ತಿದ್ದಿ, ಅಪಾಯದ ಕೆಲಸ ನಡೆಯುವಲ್ಲಿ ಆ ಅಪಾಯವೇನೆಂದು ಕಾರ್ಮಿಕನಿಗೆ ತಿಳಿಸಬೇಕೆಂಬ ವಿಧಿ ಸೇರಿಸಲಾಯಿತು. ತಿಳಿಯುವುದು ಭಿಕ್ಷೆಯಲ್ಲ, ಹಕ್ಕು ಎಂಬ ಮಾತಿಗೆ ಇದು ಆಧಾರವಾಯಿತು.

ಹಾಗಾದರೆ ನಾವು ಮಾಡಬೇಕಾದುದೇನು? ಮೂರು ಕೆಲಸ.

ಮೊದಲನೆಯದು: ಬ್ಲೀಚಿಗೆ ಆಸಿಡನ್ನಾಗಲಿ, ಆಸಿಡುಳ್ಳ ಪಾಯಖಾನೆಯ ಔಷಧವನ್ನಾಗಲಿ ಎಂದಿಗೂ ಬೆರೆಸಬೇಡಿ. ಅದರಿಂದ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಮೋರಿಯಲ್ಲಿ ಅದು ಪ್ರಾಣಕ್ಕೇ ಸಂಚಕಾರ. ಹೇಳಿದ ಅಳತೆಗಿಂತ ಹೆಚ್ಚು ಸುರಿಯಲೂ ಬೇಡಿ. ಗಟಾರ ನಾಲೆಗೆ, ನಾಲೆ ಮೀಠಿ ನದಿಗೆ, ನದಿ ಮಾಹೀಮಿನ ಖಾಡಿಗೆ ಸೇರುವ ಊರು ನಮ್ಮದು.

ಎರಡನೆಯದು: ಕ್ಯಾನಿನ ಜತೆ ಬರಬೇಕಾದ ಸುರಕ್ಷತಾ ಪತ್ರವನ್ನೂ ರಬ್ಬರಿನ ಕೈಚೀಲವನ್ನೂ ಧಣಿಗಳಲ್ಲಿ ಕೇಳಿ. ಒಬ್ಬೊಬ್ಬರಾಗಿ ಬೇಡ, ಒಟ್ಟಾಗಿ ಕೇಳಿ. ಓದಲು ಬಾರದವರಿಗೆ ಬಂದವರು ಕನ್ನಡದಲ್ಲಿ ಓದಿ ಹೇಳಲಿ.

ಮೂರನೆಯದೇ ಮುಖ್ಯ. ಚಿಗಟದ ಲೆಕ್ಕ ಇಟ್ಟಂತೆ ನಮ್ಮ ಲೆಕ್ಕವನ್ನು ನಾವೇ ಇಡೋಣ. ಒಂದೊಂದು ಹೋಟೆಲಿಗೆ ಒಂದು ನೋಟುಬುಕ್ಕು. ಯಾವ ಔಷಧ, ದಿನಕ್ಕೆ ಎಷ್ಟು ಗಂಟೆ, ಎಷ್ಟು ತಿಂಗಳಿಂದ, ಯಾರ ಕೈ ಒಡೆದಿದೆ, ಯಾರಿಗೆ ಕೆಮ್ಮು ಎಂದು ಬರೆಯಿರಿ. ಆ ಔಷಧ ಮುಟ್ಟದವರ, ಗಲ್ಲಾದವರ, ಬಡಿಸುವವರ ಸ್ಥಿತಿಯನ್ನೂ ಬರೆಯಿರಿ. ಅವರೇ ನಮ್ಮ ಸಾಕ್ಷಿ ಪಾತ್ರೆ. ಮುಟ್ಟುವ ಹತ್ತು ಮಂದಿಯಲ್ಲಿ ಏಳು ಮಂದಿಗೆ ಕೈ ಒಡೆದು, ಮುಟ್ಟದ ಹತ್ತರಲ್ಲಿ ಒಬ್ಬನಿಗೆ ಮಾತ್ರ ಒಡೆದಿದ್ದರೆ, "ಮಳೆಗಾಲದ ತುರಿಕೆ" ಎಂಬ ಉತ್ತರ ನಡೆಯದು. ಗೋಳಿಗೆ ಕಿವಿಗೊಡದವರೂ ಲೆಕ್ಕಕ್ಕೆ ಉತ್ತರ ಕೊಡಬೇಕಾಗುತ್ತದೆ.

ನೋಟುಬುಕ್ಕುಗಳು ಸಂಘದ ಕಚೇರಿಯಲ್ಲಿ ಸಿಗುತ್ತವೆ. ಇಂದು ಹೋಗುವಾಗಲೇ ಹೋಟೆಲಿಗೊಂದರಂತೆ ಒಯ್ಯಿರಿ.