ಹಣೆಬರಹ, ಹಣೆಪಟ್ಟಿ



ಕೆಲವು ವರ್ಷಗಳ ಹಿಂದೆ ನನ್ನ ಒಬ್ಬ ಎಂ.ಎ. ವಿದ್ಯಾರ್ಥಿ ಇದೇ ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಸರ್ವೆ ಮಾಡಿಕೊಂಡು ಬಂದ. ನಾಲ್ಕು ಪುಟದ ಪ್ರಶ್ನಾವಳಿ. ಅದರಲ್ಲಿ ಹದಿನಾಲ್ಕನೆಯ ಪ್ರಶ್ನೆ, ‘ನೀವು ಎದುರಿಸುತ್ತಿರುವ ಸಮಸ್ಯೆಗಳೇನು?’ ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತಿದ್ದ ಹೆಂಗಸೊಬ್ಬರು ಬಾಣಲೆಯಿಂದ ಕಣ್ಣು ತೆಗೆಯದೆ ಹೇಳಿದರಂತೆ: “ಸಮಸ್ಯೆ ಏನಿಲ್ಲ ಬಿಡಪ್ಪಾ. ಕೆಮ್ಮು ಐತಿ, ರಾತ್ರಿ ನಿದ್ದೆ ಬರಲ್ಲ. ನಮ್ಮ ಹಣೇಬರ.” ನಮ್ಮ ಹುಡುಗ ‘ಇಲ್ಲ’ ಎಂಬ ಚೌಕದಲ್ಲಿ ಟಿಕ್ ಹಾಕಿದ್ದ. ಬೈಯಬೇಕು ಅನ್ನಿಸಿತು. ಆದರೆ ಆ ಪ್ರಶ್ನಾವಳಿಯನ್ನು ತಿದ್ದಿಕೊಟ್ಟವನು ನಾನೇ.

ಇವತ್ತು ನಾನು ಮಾತಾಡಬೇಕೆಂದಿರುವುದು ಆ ಟಿಕ್ಕಿನ ಬಗ್ಗೆ. ಸಾಮಾಜಿಕ ಸಮಸ್ಯೆಗಳನ್ನು ಅರಿಯಲು ಸಿದ್ಧಾಂತಗಳು ಬೇಕು ಎಂದು ಸಮಾಜಶಾಸ್ತ್ರದ ಅಧ್ಯಾಪಕರಾದ ನಾವು ಪಾಠ ಹೇಳುತ್ತೇವೆ. ಪ್ರಕಾರ್ಯವಾದ, ಸಂಘರ್ಷ ಸಿದ್ಧಾಂತ, ಸಾಂಕೇತಿಕ ಅಂತರಕ್ರಿಯಾವಾದ ಎಂದು ಮೂರು ತಲೆಬರಹ ಹಾಕಿ, ಪ್ರತಿಯೊಂದಕ್ಕೂ ಐದೈದು ಗುಣ, ಐದೈದು ದೋಷ ಬರೆಸುತ್ತೇವೆ. ಪರೀಕ್ಷೆಗೆ ಅಷ್ಟು ಸಾಕು. ಭಟ್ಟಿಯ ಹೊಗೆಯ ಮುಂದೆ ನಿಂತವನಿಗೆ ಸಾಲದು. ಅಲ್ಲಿ ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ: ಒಂದು ಕಷ್ಟ ಹಣೆಬರಹವಾಗಿಯೇ ಉಳಿಯುವುದು ಯಾಕೆ, ಇನ್ನೊಂದು ಕಷ್ಟ ಸಮಸ್ಯೆ ಎನ್ನಿಸಿಕೊಳ್ಳುವುದು ಹೇಗೆ?

ಸಿ. ರೈಟ್ ಮಿಲ್ಸ್ 1959ರಲ್ಲಿ ಹೇಳಿದ ಮಾತು ನಿಮಗೆಲ್ಲ ಗೊತ್ತು. ಒಬ್ಬನ ಕೆಲಸ ಹೋದರೆ ಅದು ಅವನ ಸ್ವಂತ ತಾಪತ್ರಯ. ಊರಿಗೆ ಊರೇ ಕೆಲಸ ಕಳೆದುಕೊಂಡರೆ ಅದು ಸಾರ್ವಜನಿಕ ಪ್ರಶ್ನೆ. ಅಮೆರಿಕದ ಉದಾಹರಣೆ ನಮಗೆ ಬೇಡ, ಹದಿನಾಲ್ಕು ಕಿಲೋಮೀಟರು ದೂರದಲ್ಲಿ ಹರಿಹರ ಇದೆ. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಅದರ ಲೇತ್ ಯಂತ್ರ ದೇಶದ ವರ್ಕ್‌ಶಾಪುಗಳಲ್ಲೆಲ್ಲ ತಿರುಗಿತು. ‘ಹುಡುಗ ಕಿರ್ಲೋಸ್ಕರ್‌ನಾಗೆ ಅದಾನೆ’ ಎಂದರೆ ಹೆಣ್ಣು ಕೊಡುವವರು ಮುಂದಿನ ಪ್ರಶ್ನೆ ಕೇಳುತ್ತಿರಲಿಲ್ಲ. ಈ ಶತಮಾನದ ಆರಂಭದಲ್ಲಿ ಕಾರ್ಖಾನೆ ಮುಚ್ಚಿತು. ಮಿಲ್ಸ್‌ನ ಲೆಕ್ಕದಲ್ಲಿ ಇದು ಸಾರ್ವಜನಿಕ ಪ್ರಶ್ನೆಯೇ. ಆದರೆ ನಿವೃತ್ತ ಟರ್ನರ್ ಒಬ್ಬರು ನನಗೆ ಹೇಳಿದ್ದು, “ನಾನು ಮೊದಲೇ ಬಿಟ್ಟು ಸ್ವಂತ ಶೆಡ್ ಹಾಕಬೇಕಿತ್ತು ಸಾರ್, ಬುದ್ಧಿ ಓಡಲಿಲ್ಲ.” ಕಾರ್ಖಾನೆ ಮುಚ್ಚಿದ ತಪ್ಪನ್ನೂ ಅವರು ತಮ್ಮ ಬುದ್ಧಿಯ ಖಾತೆಗೇ ಬರೆದುಕೊಂಡಿದ್ದರು. ಎಷ್ಟು ಜನರ ಕೆಲಸ ಹೋಯಿತು ಎಂಬ ಅಂಕಿಯೊಂದರಿಂದಲೇ ತಾಪತ್ರಯ ಪ್ರಶ್ನೆಯಾಗಿಬಿಡುವುದಿಲ್ಲ. ಮಿಲ್ಸ್‌ನನ್ನು ಪಾಠ ಮಾಡುವಾಗ ನಾವು ಇಲ್ಲಿ ಎಡವುತ್ತೇವೆ.

ದಾವಣಗೆರೆಯ ಹತ್ತಿ ಗಿರಣಿಗಳ ಕಥೆ ಇನ್ನೂ ವಿಚಿತ್ರ. ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನಿಸಿಕೊಂಡಿದ್ದ ಊರು. ಇಲ್ಲಿನ ಕಾರ್ಮಿಕರಿಗೆ ಬಾಯಿ ಇರಲಿಲ್ಲ ಎನ್ನುವಂತಿಲ್ಲ. ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು 1978, 1983, 1985ರಲ್ಲಿ ಸತತ ಮೂರು ಬಾರಿ ವಿಧಾನಸಭೆಗೆ ಕಳಿಸಿದ ಊರಿದು. ಕೂಲಿ, ಬೋನಸ್ಸು, ಪಾಳಿ ಇವಕ್ಕೆಲ್ಲ ಸಂಘಟನೆಯಲ್ಲಿ ಮಾತಿತ್ತು. ಗೇಟೇ ಮುಚ್ಚಿದಾಗ ಆ ಮಾತನ್ನು ಯಾರ ಎದುರು ಆಡಬೇಕು? ಸಂಘರ್ಷಕ್ಕೆ ಎದುರಾಳಿ ಬೇಕು, ಇಲ್ಲಿ ಎದುರಾಳಿಯೇ ಜಾಗ ಖಾಲಿ ಮಾಡಿದ್ದ. ಸಂಘರ್ಷ ಸಿದ್ಧಾಂತಿಗಳು ಇದಕ್ಕೆ ಕೊಡುವ ಉತ್ತರದಿಂದ ನನಗೆ ಪೂರ್ತಿ ಸಮಾಧಾನವಾಗಿಲ್ಲ.

ಈಗ ನದಿಯ ಆಚೆ ದಡಕ್ಕೆ ಬನ್ನಿ. ಹರಿಹರ ಪಾಲಿಫೈಬರ್ಸ್ ಎಂಬ ಹೆಸರಿನಲ್ಲಿ ಹರಿಹರವಿದ್ದರೂ ಕಾರ್ಖಾನೆ ಇರುವುದು ತುಂಗಭದ್ರೆಯ ಆ ಬದಿ, ಕುಮಾರಪಟ್ಟಣದಲ್ಲಿ. ಆಗಿನ ಧಾರವಾಡ ಜಿಲ್ಲೆ, ಈಗ ಹಾವೇರಿ. ಗಾಳಿ ಈ ಕಡೆ ಬೀಸಿದ ದಿನ ಹರಿಹರದವರು ಕಿಟಕಿ ಹಾಕಿಕೊಳ್ಳುತ್ತಿದ್ದರು. ನೀರು ಕೆಟ್ಟಿದೆ, ಮೀನು ಸಾಯುತ್ತಿವೆ ಎಂದು ದಡದ ಹಳ್ಳಿಗಳ ಮೀನುಗಾರರು, ದನ ಕಾಯುವವರು ದೂರುತ್ತಲೇ ಇದ್ದರು. 1984ರಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅದನ್ನು ಕೈಗೆತ್ತಿಕೊಂಡಿತು. ಅದೇ ವರ್ಷ ಸರ್ಕಾರ ಮತ್ತು ಕಂಪನಿ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಸಂಸ್ಥೆ ಮಾಡಿದವು. ಸುಮಾರು 30,000 ಹೆಕ್ಟೇರ್ ಹುಲ್ಲುಗಾವಲು, ಕುರುಚಲು ನೆಲದಲ್ಲಿ ಆ ಕಾರ್ಖಾನೆಗೆಂದು ನೀಲಗಿರಿ ಬೆಳೆಸುವ ಯೋಜನೆ. ಜನ ಎದುರು ನಿಂತರು. ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು: ನೀಲಗಿರಿ ಕಿತ್ತು ಉಪಯೋಗದ ಗಿಡ ಹಚ್ಚಿದರು. 1991ರಲ್ಲಿ ಆ ಸಂಸ್ಥೆ ಮುಚ್ಚಿತು.

ಹರ್ಬರ್ಟ್ ಬ್ಲೂಮರ್ 1971ರ ಲೇಖನದಲ್ಲಿ ಮಂಡಿಸಿದ್ದು ಇದನ್ನೇ. ಸಮಸ್ಯೆ ಹೊರಗೆಲ್ಲೋ ಸಿದ್ಧವಾಗಿ ಬಿದ್ದಿರುವುದಿಲ್ಲ. ಯಾರೋ ಗುರುತಿಸಬೇಕು, ಅದಕ್ಕೆ ಮಾನ್ಯತೆ ಸಿಗಬೇಕು, ಜನ ಕೂಡಬೇಕು, ಸರ್ಕಾರ ಒಂದು ಯೋಜನೆ ಮಾಡಬೇಕು. ಯೋಜನೆ ಜಾರಿಯಾಗುವ ಹೊತ್ತಿಗೆ ಸಮಸ್ಯೆಯ ಚಹರೆಯೇ ಬದಲಾಗಿರುತ್ತದೆ. ಆ ದಡದ ನದಿಗೆ, ನೆಲಕ್ಕೆ ಆ ಯೋಗ ಕೂಡಿಬಂತು. ಲೇತ್ ಯಂತ್ರದವರಿಗೆ ಬರಲಿಲ್ಲ. ಭಟ್ಟಿಯವರಿಗಂತೂ ತಿರುಗುಬಾಣವಾಯಿತು. ಟೈರ್ ಸುಡುತ್ತಾರೆ, ಊರು ಕೆಡಿಸುತ್ತಾರೆ ಎಂಬ ದೂರು ಎದ್ದಾಗ ಸಮಸ್ಯೆಗೆ ಹೆಸರೇನೋ ಬಂತು. ಆದರೆ ಆ ಹೆಸರು ಹೊಗೆ ನುಂಗುವವರ ಮೇಲೆಯೇ ಬಿತ್ತು. ಹೊವಾರ್ಡ್ ಬೆಕರ್ 1963ರಲ್ಲಿ ವಿವರಿಸಿದ ಹಣೆಪಟ್ಟಿ ಇದೇ. ನಮ್ಮ ಭಾಷೆಗೆ ಒಂದು ಅನುಕೂಲವಿದೆ ನೋಡಿ: ಹಣೆಬರಹ ಬ್ರಹ್ಮ ಬರೆದದ್ದು ಎನ್ನುತ್ತೇವೆ, ಹಣೆಪಟ್ಟಿ ಅಂಟಿಸುವುದು ಮಾತ್ರ ಪಕ್ಕದ ಬಡಾವಣೆಯವರು, ಕಚೇರಿಯವರು. ಟೈರ್ ಬೆಂಕಿಗೆ ಯಾಕೆ ಬಂತು, ಉರುವಲಿನ ದರ ಎಷ್ಟು, ಎರಡು ರೂಪಾಯಿ ಕಮ್ಮಿಗೆ ಮಂಡಕ್ಕಿ ಕೇಳುವವರು ಯಾರು ಎಂದು ದೂರು ಬರೆದವರು ಕೇಳಲಿಲ್ಲ. ಬೆಳಿಗ್ಗೆ ಖಾರ ಮಂಡಕ್ಕಿ ತಿಂದು ಬಂದ ನಾವೂ ಕೇಳಿಲ್ಲ.

ಹಣೆಬರಹಕ್ಕೆ ಒಬ್ಬ ಅಣ್ಣನಿದ್ದಾನೆ: ಪದ್ಧತಿ. ಹರಿಹರದಲ್ಲಿ ಹುಟ್ಟಿ ಭದ್ರಾವತಿಯಲ್ಲಿ ಕನ್ನಡ ಪಾಠ ಮಾಡುತ್ತಿದ್ದ ಪ್ರೊ. ಬಿ. ಕೃಷ್ಣಪ್ಪ ದಲಿತ ಸಂಘರ್ಷ ಸಮಿತಿ ಕಟ್ಟಿದಾಗ ಮಾಡಿದ ಮೊದಲ ಕೆಲಸ, ಊರು ‘ಪದ್ಧತಿ’ ಎಂದದ್ದನ್ನು ‘ಅನ್ಯಾಯ’ ಎಂದು ಕರೆದದ್ದು. 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ತಡೆಯಲು ಹೋದ ಸಮಿತಿಯ ಕಾರ್ಯಕರ್ತರು ಭಕ್ತರಿಂದಲೇ ಏಟು ತಿಂದರು, ಪೊಲೀಸರೂ ತಿಂದರು. ಆಮೇಲೆ ನಿಷೇಧ ಬಂತು. ಸಾಮಾಜಿಕ ಸಮಸ್ಯೆಯ ನಿರ್ಮಾಣ ಎಂಬ ಅಧ್ಯಾಯದಲ್ಲಿ ಸ್ಪೆಕ್ಟರ್ ಮತ್ತು ಕಿಟ್ಸೂಸೆಯವರ ಹೆಸರು ಬರೆಸುತ್ತೇವೆ, ಕೃಷ್ಣಪ್ಪನವರ ಹೆಸರು ಬರೆಸುವುದಿಲ್ಲ. ಅವರು ಕನ್ನಡ ಮೇಷ್ಟ್ರು, ಸಮಾಜಶಾಸ್ತ್ರಜ್ಞರಲ್ಲ ಎಂಬ ಸಬೂಬು ನಮ್ಮದು.

ನಾಳೆ ಸಂಜೆ ಪ್ರತಿನಿಧಿಗಳಿಗೆ ಹರಿಹರೇಶ್ವರ ದೇವಸ್ಥಾನ ನೋಡಲು ಬಸ್ಸಿನ ವ್ಯವಸ್ಥೆ ಇದೆ ಎಂದು ಸಂಘಟಕರು ತಿಳಿಸಿದ್ದಾರೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ, ಅಗತ್ಯವಾಗಿ ನೋಡಿ. ಅರ್ಧ ಹರಿ, ಅರ್ಧ ಹರ. ಪ್ರಕಾರ್ಯವಾದಿಗಳಿಗೆ ಇದಕ್ಕಿಂತ ಒಳ್ಳೆಯ ಮೂರ್ತಿ ಸಿಗಲಾರದು. ಸಂಘರ್ಷವಾದಿಗಳು ಮಾತ್ರ ಇಬ್ಬರೂ ಕೂಡಿ ಕೊಂದ ಗುಹಾಸುರನ ಬಗ್ಗೆ ಅರ್ಚಕರನ್ನು ಕೇಳಿನೋಡಿ. ಬಸ್ಸಿನವರಲ್ಲಿ ನನ್ನದೊಂದು ಕೋರಿಕೆ: ಹೋಗುವಾಗ ತುಂಗಭದ್ರೆಯ ಸೇತುವೆಯ ಹತ್ತಿರ ಹತ್ತು ನಿಮಿಷ ನಿಲ್ಲಿಸಿ, ಆಮೇಲೆ ಹನಗವಾಡಿ ಬಳಿಯ ಮೈತ್ರಿವನದಲ್ಲಿ ಕೃಷ್ಣಪ್ಪನವರ ಸಮಾಧಿಗೂ ಕರೆದೊಯ್ಯಿರಿ. ನನ್ನ ಆ ವಿದ್ಯಾರ್ಥಿ ಈಗ ಅಧ್ಯಾಪಕ, ಮಧ್ಯಾಹ್ನದ ಗೋಷ್ಠಿಯಲ್ಲಿ ಪ್ರಬಂಧ ಮಂಡಿಸುತ್ತಿದ್ದಾನೆ. ಹದಿನಾಲ್ಕನೆಯ ಪ್ರಶ್ನೆಯನ್ನು ಈಗ ಹೇಗೆ ಕೇಳುತ್ತೀಯಪ್ಪ ಎಂದು ಅವನನ್ನು ಮೊದಲು ಕೇಳುವವನು ನಾನೇ.